ಬೆನ್ನಿನ ನೀರು, ರಕ್ತದ ಟ್ಯೂಬು: ಕೊಡಗಿನಲ್ಲಿ ಮರೆವಿನ ಪರೀಕ್ಷೆ ಮಾಡಿಸುವ ನನ್ನ ಅನುಭವ

ನಾನು ದಕ್ಷಿಣ ಕೊಡಗಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಫಿಸಿಷಿಯನ್. ನರರೋಗ ತಜ್ಞೆಯಲ್ಲ. ಆದರೆ ನಮ್ಮ ಕಡೆ ಮರೆವಿನ ತೊಂದರೆ ಇರುವ ಹಿರಿಯರು ಮೊದಲು ಬರುವುದು ನಮ್ಮಂಥವರ ಹತ್ತಿರವೇ. ಮಕ್ಕಳು ಬೆಂಗಳೂರಲ್ಲೋ ಹೊರದೇಶದಲ್ಲೋ ಇರುತ್ತಾರೆ. ಹುತ್ತರಿ ಹಬ್ಬಕ್ಕೆ ಊರಿಗೆ ಬಂದು ನಾಲ್ಕು ದಿನ ಒಟ್ಟಿಗೆ ಇದ್ದಾಗ, ಅಪ್ಪ ಒಂದೇ ಮಾತನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ, ಅವ್ವ ಗ್ಯಾಸ್ ಆರಿಸುವುದನ್ನು ಮರೆಯುತ್ತಿದ್ದಾರೆ ಅಂತ ಗೊತ್ತಾಗುತ್ತದೆ. ಹೊರಡುವ ಮೊದಲು ಕರೆದುಕೊಂಡು ಬರುತ್ತಾರೆ. ಮೊದಲೆಲ್ಲ "ಅರವತ್ತಕ್ಕೆ ಅರಳು ಮರಳು, ವಯಸ್ಸಾಯ್ತಲ್ಲ" ಅಂತ ಸುಮ್ಮನಾಗುತ್ತಿದ್ದರು. ಈಗ ಹಾಗಲ್ಲ. "ಮೇಡಂ, ಅಲ್ಝೈಮರ್ ಈಗ ರಕ್ತದಲ್ಲೇ ಗೊತ್ತಾಗುತ್ತಂತೆ, ಅದೊಂದು ಬರೆದುಕೊಡಿ" ಅನ್ನುತ್ತಾರೆ.

ಹೌದು, ಗೊತ್ತಾಗುತ್ತದೆ. 2025ರ ಮೇ ತಿಂಗಳಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ರಕ್ತ ಪರೀಕ್ಷೆಯೊಂದಕ್ಕೆ ಮೊದಲ ಸಲ ಒಪ್ಪಿಗೆ ಕೊಟ್ಟಿತು. ಲ್ಯೂಮಿಪಲ್ಸ್ ಅನ್ನುವ ಮೆಷಿನ್‌ನಲ್ಲಿ ಮಾಡುವ ಪರೀಕ್ಷೆ ಅದು. ಪಿ-ಟೌ 217 ಮತ್ತು ಅಮೈಲಾಯ್ಡ್ ಬೀಟಾ 42 ಅನ್ನುವ ಎರಡು ಪ್ರೋಟೀನ್‌ಗಳ ಅನುಪಾತ ನೋಡುತ್ತದೆ. ಆದರೆ ಒಪ್ಪಿಗೆ ಕೊಟ್ಟಿರುವುದು ಯಾರಿಗೆ? 55 ವರ್ಷ ಆದವರಿಗೆ, ಈಗಾಗಲೇ ಮರೆವಿನ ಲಕ್ಷಣ ಇರುವವರಿಗೆ, ತಜ್ಞರ ಆರೈಕೆಯಲ್ಲಿರುವವರಿಗೆ, ಅದೂ ಉಳಿದ ಪರೀಕ್ಷೆಗಳ ಜೊತೆಗೆ. ಸುಮ್ನೆ ಚೆಕಪ್‌ಗೆ ಅಲ್ಲ. ಇಷ್ಟು ದಿನ ಇದನ್ನು ಮಾಡಿಸಿದ ಮೇಲೆ ನನಗೆ ಅನ್ನಿಸಿರುವುದು ಇಷ್ಟೇ: ಮೆಷಿನ್ ಕೊಡುವ ಅಂಕಿಗೆ ಬೆಲೆ ಬರುವುದು ಅದಕ್ಕಿಂತ ಮುಂಚಿನ ಕೆಲಸದಿಂದ. ಯಾರಿಗೆ ಮಾಡಿಸಿದೆವು, ಯಾವ ಟ್ಯೂಬಿಗೆ ಹಾಕಿದೆವು, ಆ ಮನುಷ್ಯನ ಮೈಯಲ್ಲಿ ಬೇರೆ ಏನೇನಿದೆ. ಆ ಕೆಲಸ ದೊಡ್ಡ ಲ್ಯಾಬಿನಲ್ಲಿ ಆಗುವುದಿಲ್ಲ, ಇಲ್ಲೇ ನಮ್ಮ ಓಪಿಡಿಯಲ್ಲಿ ಆಗಬೇಕು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಮೊದಲು ನೋಡುವುದು ವಾಸಿಯಾಗುವ ಕಾರಣ ಏನಾದರೂ ಇದೆಯಾ ಅಂತ. ಬಿ12, ಥೈರಾಯ್ಡ್, ಸೋಡಿಯಂ, ಸಕ್ಕರೆ, ಕ್ರಿಯಾಟಿನಿನ್, ಜೊತೆಗೆ ಸಿಫಿಲಿಸ್ ಮತ್ತು ಎಚ್‌ಐವಿ. ಕುಡಿತದ ವಿಷಯ ನೇರವಾಗಿ ಕೇಳುತ್ತೇನೆ. ನಮ್ಮೂರಲ್ಲಿ ಇದನ್ನು ಕೇಳಲು ಸಂಕೋಚ ಪಟ್ಟರೆ ಥಯಾಮಿನ್ (ವಿಟಮಿನ್ ಬಿ1) ಕೊರತೆಯಿಂದ ಬಂದ ಮರೆವು ಕೈತಪ್ಪಿ ಹೋಗುತ್ತದೆ. ಬಿದ್ದಿದ್ದಾರಾ ಅಂತಲೂ ಕೇಳುತ್ತೇನೆ. ಕರಿಮೆಣಸು ಕುಯ್ಯುವಾಗ ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಏಣಿಯಿಂದ ಜಾರಿ ಬಿದ್ದು, ತಲೆಗೆ ಸಣ್ಣ ಪೆಟ್ಟಾಗಿ, "ಏನೂ ಆಗಿಲ್ಲ" ಅಂತ ಎದ್ದು ಹೋದವರು ತಿಂಗಳ ಮೇಲೆ ಮಂಕಾಗಿ ಬರುತ್ತಾರೆ. ಹೃದಯಕ್ಕೆ ಅಂತ ಆಸ್ಪಿರಿನ್ ತಗೊಳ್ಳುವವರಾದರೆ ಇನ್ನೂ ಅನುಮಾನ. ತಲೆಬುರುಡೆಯ ಒಳಗೆ ರಕ್ತ ನಿಂತಿದೆಯಾ ಅಂತ ಸ್ಕ್ಯಾನ್‌ನಲ್ಲಿ ಗೊತ್ತಾಗುತ್ತದೆ, ಅದನ್ನು ತೆಗೆದರೆ ಮನುಷ್ಯ ಮೊದಲಿನಂತಾಗಬಹುದು. ಅಂಥವರಿಗೆ ಪಿ-ಟೌ ಮಾಡಿಸುತ್ತಾ ಕೂತರೆ ಹೇಗೆ?

ಮಾತ್ರೆಗಳನ್ನೂ ಚೀಲ ಸಮೇತ ತರಿಸಿ ನೋಡುತ್ತೇನೆ. ನಿದ್ದೆಗೆ, ನೋವಿಗೆ ಅಂತ ವರ್ಷಗಟ್ಟಲೆ ನುಂಗುವ ಅಮಿಟ್ರಿಪ್ಟಿಲಿನ್, ಕೈ ನಡುಕಕ್ಕೆ ಕೊಟ್ಟ ಟ್ರೈಹೆಕ್ಸಿಫೆನಿಡಿಲ್, ಅಲರ್ಜಿಗೆ ಅಂಗಡಿಯಿಂದ ತಂದ ಮಾತ್ರೆ. ವಯಸ್ಸಾದವರ ನೆನಪನ್ನು ಇವು ಮಂಕು ಮಾಡುತ್ತವೆ. ಕೆಲವರಿಗೆ ಮಾತ್ರೆ ನಿಲ್ಲಿಸಿದ್ದೇ ಚಿಕಿತ್ಸೆ.

ಆಮೇಲೆ ನೆನಪಿನ ಪರೀಕ್ಷೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ನೆನಪಿನ ಪರೀಕ್ಷೆಗಳ ಟೂಲ್‌ಬಾಕ್ಸ್ ಕನ್ನಡದಲ್ಲಿದೆ, ಅದು ದೊಡ್ಡ ಉಪಕಾರ. ಆದರೆ ನನ್ನ ಮುಂದೆ ಕೂತವರ ಮನೆಮಾತು ಕೊಡವ ತಕ್ಕ್ ಇರಬಹುದು, ಅರೆಭಾಷೆ ಇರಬಹುದು, ಮಲಯಾಳ, ಯರವ ಭಾಷೆ ಇರಬಹುದು. ಕನ್ನಡದಲ್ಲಿ ಕೇಳಿದ್ದಕ್ಕೆ ತಡವರಿಸಿದರೆ ಅದು ಮರೆವು ಅಂತ ಬರೆದುಕೊಳ್ಳುವುದು ಅನ್ಯಾಯ. ನಮ್ಮ ಆಸ್ಪತ್ರೆಯ ನರ್ಸ್ ಒಬ್ಬರಿಗೆ ಕೊಡವ ತಕ್ಕ್ ಮನೆಮಾತು, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳುತ್ತೇನೆ. ಶಾಲೆಗೇ ಹೋಗದವರಿಗೆ ಗಡಿಯಾರ ಬರೆಯಿರಿ ಅಂತ ಪೆನ್ನು ಕೊಡುವುದಿಲ್ಲ. ಸಂತೆ ಯಾವ ವಾರ, ಸಾಮಾನಿಗೆ ಎಷ್ಟು ಕೊಟ್ಟಿರಿ, ಚಿಲ್ಲರೆ ಎಷ್ಟು ಬಂತು, ಕೂಲಿಯವರ ಲೈನ್‌ಮನೆಯಿಂದ ತೋಟಕ್ಕೆ ಹೋಗುವ ದಾರಿ ಹೇಗೆ. ಮನೆಯವರನ್ನೂ ಬೇರೆಯಾಗಿ ಕೂರಿಸಿ ಕೇಳುತ್ತೇನೆ: ಕಳೆದ ವರ್ಷ ಮಾಡುತ್ತಿದ್ದ ಯಾವ ಕೆಲಸ ಈ ವರ್ಷ ಮಾಡಲಾಗುತ್ತಿಲ್ಲ?

ಆ ಪ್ರಶ್ನೆಗೆ ಸಿಕ್ಕ ಉತ್ತರದಿಂದಲೇ ದಾರಿ ತೆರೆದ ಒಬ್ಬರ ವಿಷಯ ಹೇಳುತ್ತೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಕಾಫಿ ಎಸ್ಟೇಟೊಂದರ ರೈಟರ್ ಅವರು, ಅಂದರೆ ಲೆಕ್ಕ ಬರೆಯುವವರು, ಇನ್ನೂ ಅರವತ್ತು ಆಗಿರಲಿಲ್ಲ. ಚೆಕ್‌ರೋಲ್, ಅಂದರೆ ಕೂಲಿಯವರ ಹಾಜರಿ ಪುಸ್ತಕ ಬರೆಯುವುದರಲ್ಲಿ ಅವರ ಕೈ ಪಳಗಿದ್ದು. ಯಾರು ಎಷ್ಟು ದಿನ ಬಂದರು, ಯಾರು ಎಷ್ಟು ಕೆಜಿ ಹಣ್ಣು ಕುಯ್ದರು, ಮುಂಗಡ ಎಷ್ಟು ಕಳೆಯಬೇಕು, ಎಲ್ಲ ಬಾಯಲ್ಲೇ ಇರುತ್ತಿತ್ತು. ಒಂದು ಕುಯ್ಲಿನಲ್ಲಿ ಬಟವಾಡೆ ತಪ್ಪಲು ಶುರುವಾಯಿತು. ಒಬ್ಬರಿಗೆ ಎರಡು ಸಲ ಹಾಜರಿ, ಇನ್ನೊಬ್ಬರ ಹೆಸರೇ ಇಲ್ಲ. ಕೂಲಿಯವರು ಕೂಗಾಡಿದರು, ಮಾಲೀಕರು ದುಡ್ಡು ಹೊಡೆಯುತ್ತಿದ್ದಾನೆ ಅಂತ ಅನುಮಾನ ಪಟ್ಟರು. ಇವರು ಮನೆ ಹಿಡಿದು ಕೂತರು, ಮಾತು ಕಡಿಮೆಯಾಯಿತು, ಊಟ ಬಿಟ್ಟರು. ಹೆಂಡತಿ ಆ ಪುಸ್ತಕವನ್ನೇ ತಂದು ನನ್ನ ಮೇಜಿನ ಮೇಲಿಟ್ಟರು. ಎರಡು ವರ್ಷದ ಹಿಂದಿನ ಪುಟದಲ್ಲಿ ಮುತ್ತಿನಂಥ ಅಕ್ಷರ, ಅಡಿಯಲ್ಲಿ ಸರಿಯಾದ ಮೊತ್ತ. ಇತ್ತೀಚಿನ ಪುಟಗಳಲ್ಲಿ ಅಂಕಿ ಕಾಲಮ್ಮಿನಿಂದ ಹೊರಗೆ ಬಿದ್ದಿತ್ತು, ಒಂದೇ ಸಾಲನ್ನು ಹೊಡೆದು ಮೇಲೆ ಬರೆದು ಮತ್ತೆ ಹೊಡೆದಿದ್ದರು. ಯಾವ ಪ್ರಶ್ನಾವಳಿಯೂ ನನಗೆ ಅಷ್ಟು ಹೇಳುತ್ತಿರಲಿಲ್ಲ.

ಇದು ಖಿನ್ನತೆಯಾ, ಅಲ್ಝೈಮರ್ರಾ, ಅಥವಾ ಮೆದುಳಿನ ಮುಂಭಾಗ ಸವೆಯುವ ಫ್ರಾಂಟೋಟೆಂಪೊರಲ್ ಡಿಮೆನ್ಷಿಯಾ ಅನ್ನುವ ಬೇರೆ ಬಗೆಯ ಮರೆವಿನ ರೋಗನಾ? ವಯಸ್ಸು ಕಡಿಮೆ, ಉಳಿದ ರಕ್ತ ಪರೀಕ್ಷೆ ಎಲ್ಲ ಸರಿ, ಎಂಆರ್‌ಐನಲ್ಲಿ ಹೇಳಿಕೊಳ್ಳುವಂಥದ್ದು ಇಲ್ಲ. ಉತ್ತರ ಯಾವುದು ಅನ್ನುವುದರ ಮೇಲೆ ಮಾತ್ರೆ ಬದಲಾಗುತ್ತದೆ, ಕೆಲಸ ಬದಲಾಗುತ್ತದೆ, ಮೈಮೇಲೆ ಬಂದ ಕಳ್ಳತನದ ಮಾತೂ ಹೋಗುತ್ತದೆ. ಮಾರ್ಕರ್ ಪರೀಕ್ಷೆ, ಅಂದರೆ ರೋಗದ ಗುರುತಾದ ಪ್ರೋಟೀನ್‌ಗಳನ್ನು ಅಳೆಯುವುದು, ಇಂಥವರಿಗೆ ಬೇಕು. ಬೆಂಗಳೂರಿನ ನರರೋಗ ತಜ್ಞರ ಜೊತೆ ಫೋನಿನಲ್ಲಿ ಮಾತಾಡಿ ಬೆನ್ನಿನ ನೀರನ್ನೇ ತೆಗೆಯೋಣ ಅಂತ ತೀರ್ಮಾನಿಸಿದೆವು.

ಮೆದುಳು ಮತ್ತು ಬೆನ್ನುಹುರಿಯ ಸುತ್ತ ಸುಮಾರು 150 ಮಿಲಿ ತಿಳಿನೀರು ಇರುತ್ತದೆ. ದಿನಕ್ಕೆ ಸುಮಾರು 500 ಮಿಲಿ ಹೊಸದಾಗಿ ಹುಟ್ಟುತ್ತದೆ, ಹಳೆಯದು ರಕ್ತಕ್ಕೆ ಸೇರುತ್ತದೆ. ನಾವು ತೆಗೆಯುವ 10 ಮಿಲಿಯಷ್ಟು ಕೆಲವೇ ಗಂಟೆಯಲ್ಲಿ ತುಂಬಿಕೊಳ್ಳುತ್ತದೆ. ಅಲ್ಝೈಮರ್‌ನಲ್ಲಿ ಅಮೈಲಾಯ್ಡ್ ಬೀಟಾ 42 ಮೆದುಳಿನಲ್ಲೇ ಗಡ್ಡೆಕಟ್ಟಿ ಕೂತುಬಿಡುತ್ತದೆ, ಹಾಗಾಗಿ ನೀರಿನಲ್ಲಿ ಅದು ಕಡಿಮೆಯಾಗುತ್ತದೆ. ರೋಗ ಇದ್ದರೆ ಅಂಕಿ ಇಳಿಯುವುದು ಅನ್ನುವುದು ಮನೆಯವರಿಗೆ ವಿಚಿತ್ರ ಅನ್ನಿಸುತ್ತದೆ, ಬಿಡಿಸಿ ಹೇಳಬೇಕು. ನರಕೋಶದ ಟೌ ಅನ್ನುವ ಪ್ರೋಟೀನ್, ಅದರ ಬದಲಾದ ರೂಪ ಪಿ-ಟೌ, ಎರಡೂ ಏರುತ್ತವೆ. ಹುಟ್ಟಿನಿಂದಲೇ ಕೆಲವರಿಗೆ ಬೀಟಾ ಪ್ರೋಟೀನ್ ಜಾಸ್ತಿ, ಕೆಲವರಿಗೆ ಕಡಿಮೆ. ಆದ್ದರಿಂದ 42 ಒಂದನ್ನೇ ನೋಡದೆ, ಅದೇ ಪ್ರೋಟೀನಿನ ಇನ್ನೊಂದು ರೂಪವಾದ ಬೀಟಾ 40 ಜೊತೆ ಅದರ ಅನುಪಾತ ನೋಡುವುದು ಒಳ್ಳೆಯದು. 1906ರಲ್ಲಿ ಅಲೋಯಿಸ್ ಅಲ್ಝೈಮರ್ ಈ ರೋಗದ ಬಗ್ಗೆ ಮಾತಾಡಿದ್ದು ರೋಗಿ ತೀರಿಕೊಂಡ ಮೇಲೆ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ. ಬದುಕಿರುವಾಗಲೇ ಅದನ್ನು ತಿಳಿಯುವ ದಾರಿ ನಮ್ಮ ಕೈಗೆ ಬಂದಿದೆ ಅನ್ನುವುದು ನನಗೆ ಸಣ್ಣ ವಿಷಯವಲ್ಲ.

ಬೆನ್ನಿಗೆ ಸೂಜಿ ಅಂದ ಕೂಡಲೇ ಹೆದರಿಕೆ. "ಕಾಲು ಬಿದ್ದುಹೋಗುತ್ತಂತಲ್ಲ ಮೇಡಂ?" ನಾನು ಹೇಳುವುದು: ನಿಮ್ಮ ಸೊಸೆಗೆ ಸಿಸೇರಿಯನ್‌ಗೆ ಮುಂಚೆ ಸೂಜಿ ಹಾಕಿದ್ದು ಇದೇ ಜಾಗಕ್ಕೆ. ಬೆನ್ನುಹುರಿ ಸೊಂಟದ ಮೇಲೇ ಮುಗಿಯುತ್ತದೆ, ನಾವು ಹಾಕುವುದು ಅದಕ್ಕಿಂತ ಕೆಳಗೆ, ಸೊಂಟದ 3 ಮತ್ತು 4ನೇ ಅಥವಾ 4 ಮತ್ತು 5ನೇ ಮೂಳೆಯ ನಡುವೆ. ಸೂಜಿಯ ತುದಿ ಪೆನ್ಸಿಲ್‌ನಂತೆ ಇರುವುದನ್ನೇ ಬಳಸುತ್ತೇನೆ. ಕತ್ತರಿಸುವ ತುದಿಯ ಸೂಜಿಯಲ್ಲಿ 100ಕ್ಕೆ ಸುಮಾರು 11 ಜನಕ್ಕೆ ತಲೆನೋವು ಬಂದರೆ ಇದರಲ್ಲಿ ಸುಮಾರು 4 ಜನಕ್ಕೆ ಅಂತ 2018ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆ ತೋರಿಸಿದೆ. ಸಣ್ಣ ಊರಿನ ಡಾಕ್ಟರುಗಳಿಗೆ ಒಂದು ಮಾತು: ಈ ಸೂಜಿ ಸಿಗುವುದಿಲ್ಲ ಅಂದುಕೊಳ್ಳಬೇಡಿ, ಅರಿವಳಿಕೆ ಡಾಕ್ಟರ ಡ್ರಾಯರಿನಲ್ಲಿ ಇದೆ. ಆದರೆ ಅವರು ಬಳಸುವ 25 ನಂಬರಿನ ಸಣ್ಣ ಸೂಜಿಯಲ್ಲಿ ನೀರು ಬಹಳ ನಿಧಾನ, ಸ್ವಲ್ಪ ದಪ್ಪದ 22 ಇಟ್ಟುಕೊಳ್ಳಿ. ಸೂಜಿಗೆ ಮುಂಚೆ ಸ್ಕ್ಯಾನ್ ನೋಡಿರಬೇಕು, ರಕ್ತ ತೆಳು ಮಾಡುವ ಮಾತ್ರೆ ಕೇಳಿರಬೇಕು, ಪ್ಲೇಟ್‌ಲೆಟ್ ನೋಡಿರಬೇಕು. ಇದರಲ್ಲಿ ರಾಜಿ ಇಲ್ಲ.

ಈಗ ಟ್ಯೂಬಿನ ವಿಷಯ. ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ತಪ್ಪು ಆಗುವುದೆಲ್ಲ ಇಲ್ಲೇ. ಬೀಟಾ 42 ಅಂಟಿಕೊಳ್ಳುವ ಸ್ವಭಾವದ ಪ್ರೋಟೀನ್. ಹಾಲು ಕಾಯಿಸಿದ ಪಾತ್ರೆಗೆ ಕೆನೆ ಹಿಡಿದುಕೊಳ್ಳುವ ಹಾಗೆ ಟ್ಯೂಬಿನ ಗೋಡೆಗೆ ಹಿಡಿದುಕೊಳ್ಳುತ್ತದೆ. ಗಾಜಿಗೂ ಹಿಡಿಯುತ್ತದೆ, ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿಗೂ ಹಿಡಿಯುತ್ತದೆ. ಗೋಡೆಗೆ ಹೋದದ್ದು ಲೆಕ್ಕಕ್ಕೆ ಸಿಗುವುದಿಲ್ಲ, ಅಂಕಿ ಇಳಿಯುತ್ತದೆ. ಇಳಿದ ಅಂಕಿ ಅಂದರೆ ಅಲ್ಝೈಮರ್ ಅಂತ ತಾನೇ ಓದುವುದು? ಅಂದರೆ ಟ್ಯೂಬಿನಿಂದಲೇ ಒಬ್ಬ ಮನುಷ್ಯನಿಗೆ ರೋಗದ ಹೆಸರು ಅಂಟಬಹುದು. ಅದಕ್ಕೇ ಪಾಲಿಪ್ರೊಪಿಲೀನ್ ಟ್ಯೂಬ್, ಅದರಲ್ಲೂ ಪ್ರೋಟೀನ್ ಕಡಿಮೆ ಹಿಡಿಯುವ ಬಗೆಯದು, ಲ್ಯಾಬಿನಿಂದಲೇ ಮೊದಲು ತರಿಸಿಕೊಳ್ಳುತ್ತೇನೆ. ಅದು ಕೈಗೆ ಬರುವವರೆಗೆ ರೋಗಿಗೆ ದಿನ ಕೊಡುವುದಿಲ್ಲ. ಸಿರಿಂಜಿನಲ್ಲಿ ಎಳೆಯುವುದಿಲ್ಲ, ಹನಿಹನಿಯಾಗಿ ನೇರ ಟ್ಯೂಬಿಗೆ ಬೀಳಬೇಕು. ಮೊದಲ ಒಂದೆರಡು ಮಿಲಿ ಮಾಮೂಲಿ ಪರೀಕ್ಷೆಗೆ, ಜೀವಕೋಶ, ಸಕ್ಕರೆ, ಪ್ರೋಟೀನ್ ನೋಡಲು. ಸೂಜಿ ತಾಗಿ ರಕ್ತ ಬೆರೆತಿದ್ದರೆ ಅದೂ ಅಲ್ಲೇ ಹೋಗುತ್ತದೆ. ಮಾರ್ಕರ್ ಟ್ಯೂಬನ್ನು ಅರ್ಧಕ್ಕೆ ಬಿಡದೆ ಹೇಳಿದ ಗೆರೆಯವರೆಗೆ ತುಂಬಿಸಬೇಕು, ನೀರು ಕಡಿಮೆಯಾದಷ್ಟೂ ಗೋಡೆಗೆ ಹೋಗುವ ಪಾಲು ಜಾಸ್ತಿ. ಒಂದರಿಂದ ಇನ್ನೊಂದಕ್ಕೆ ಸುರಿಯಬಾರದು, ಪ್ರತಿ ಸಲ ಸುರಿದಾಗಲೂ ಸ್ವಲ್ಪ ಕಳೆಯುತ್ತದೆ. 42 ಮತ್ತು 40 ಎರಡೂ ಅಂಟುವುದರಿಂದ ಅನುಪಾತಕ್ಕೆ ಪೆಟ್ಟು ಕಡಿಮೆ. ಅನುಪಾತ ಕೊಡುವ ಲ್ಯಾಬನ್ನೇ ಆರಿಸಿಕೊಳ್ಳಲು ನನಗೆ ಇದು ಇನ್ನೊಂದು ಕಾರಣ.

ಕಳಿಸುವುದು ಇನ್ನೊಂದು ಕೆಲಸ. ನಮ್ಮಲ್ಲಿ ಡ್ರೈ ಐಸ್ ಸಿಗುವುದಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಹೇಳಲಾಗುವುದಿಲ್ಲ, ಫ್ರೀಜರನ್ನು ನಂಬುವಂತಿಲ್ಲ. 2018ರ ಆಗಸ್ಟ್‌ನಲ್ಲಿ ಸಂಪಾಜೆ ಕಡೆಯ ರಸ್ತೆಯೇ ಕುಸಿದಿತ್ತು. ಅದಕ್ಕೆ ನಾನು ಅನುಸರಿಸುವ ಕ್ರಮ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತುರ್ತು ಇಲ್ಲದಿದ್ದರೆ ಬೆನ್ನಿನ ನೀರು ತೆಗೆಯುವುದಿಲ್ಲ. ತೆಗೆಯುವುದಾದರೆ ವಾರದ ಮೊದಲ ದಿನಗಳಲ್ಲಿ, ಬೆಳಿಗ್ಗೆ. ಶುಕ್ರವಾರ ತೆಗೆದರೆ ಭಾನುವಾರ ಪೂರ್ತಿ ಟ್ಯೂಬು ಯಾವುದೋ ಗೋಡೌನಿನಲ್ಲಿ ಕೂರುತ್ತದೆ. ಹೆಪ್ಪುಗಟ್ಟಿಸದೆ 2ರಿಂದ 8 ಡಿಗ್ರಿಯಲ್ಲಿ ತಣ್ಣಗೆ ಇಟ್ಟ ಮಾದರಿಯನ್ನು ತೆಗೆದುಕೊಳ್ಳುವ ಲ್ಯಾಬ್ ಇದ್ದರೆ ಅದೇ ನಮಗೆ ಅನುಕೂಲ: ಲಸಿಕೆ ಸಾಗಿಸುವ ಡಬ್ಬಿ, ಜೆಲ್ ಪ್ಯಾಕ್, ಟ್ಯೂಬು ನೆಟ್ಟಗೆ. ಒಂದೊಂದು ಲ್ಯಾಬಿಗೂ ಒಂದೊಂದು ನಿಯಮ, ಆದ್ದರಿಂದ ಫೋನ್ ಮಾಡಿ ಕೇಳಿ ಬರೆದುಕೊಂಡೇ ಮುಂದಿನ ಕೆಲಸ.

ರಕ್ತದ್ದು ಸುಲಭ ಅನ್ನಿಸುತ್ತದೆ, ಆದರೆ ಅಲ್ಲೂ ಗಡಿಯಾರ ಓಡುತ್ತಿರುತ್ತದೆ. ಇಡಿಟಿಎ ಟ್ಯೂಬಿಗೆ ತೆಗೆದು, ಮೆಲ್ಲಗೆ ತಿರುವಿ, ಒಂದೆರಡು ಗಂಟೆಯೊಳಗೆ ಸೆಂಟ್ರಿಫ್ಯೂಜ್‌ಗೆ ಹಾಕಿ, ಮೇಲಿನ ತಿಳಿಭಾಗವಾದ ಪ್ಲಾಸ್ಮಾ ಬೇರೆ ಮಾಡಿ, ಅದನ್ನು ಫ್ರೀಜರಿನಲ್ಲಿ ಮಂಜುಗಡ್ಡೆಯಂತೆ ಗಟ್ಟಿ ಮಾಡಬೇಕು. ತಡವಾದಷ್ಟೂ ಬೀಟಾ ಪ್ರೋಟೀನ್ ಕರಗುತ್ತಾ ಹೋಗುತ್ತದೆ. ಪಿ-ಟೌ 217 ಅಷ್ಟು ಬೇಗ ಕೆಡುವುದಿಲ್ಲ. ಹಾಗಾಗಿ ನಾನು ಎಷ್ಟೋ ಸಲ ಇಲ್ಲಿ ರಕ್ತವನ್ನೇ ತೆಗೆಯುವುದಿಲ್ಲ. ಕೊಡಗಿನ ಮನೆ ಅಂದಮೇಲೆ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಯಾರಾದರೂ ನೆಂಟರು ಇದ್ದೇ ಇರುತ್ತಾರೆ. ಮದುವೆಗೆ, ಮೊಮ್ಮಕ್ಕಳನ್ನು ನೋಡಲು ಹೋಗುತ್ತಾರೆ. ಚೀಟಿ ಬರೆದುಕೊಟ್ಟು, ಅಲ್ಲೇ ಲ್ಯಾಬಿಗೆ ಹೋಗಿ ಕೈ ಕೊಡಿ ಅನ್ನುತ್ತೇನೆ. ಊರು ದಾಟಿ ಹೋಗಬೇಕಾದದ್ದು ಟ್ಯೂಬಲ್ಲ, ಮನುಷ್ಯ. ಅದೇ ಸುರಕ್ಷಿತ.

ರಿಪೋರ್ಟ್ ಬಂದ ಮೇಲೆ ನಾನು ಮೊದಲು ನೋಡುವುದು ಕ್ರಿಯಾಟಿನಿನ್. ಮೂತ್ರಪಿಂಡ ಸೋತಿದ್ದರೆ ರಕ್ತದಲ್ಲಿ ಪಿ-ಟೌ ಏರಿಯೇ ಇರುತ್ತದೆ, ಮೆದುಳಿಗೆ ಸಂಬಂಧವೇ ಇಲ್ಲದೆ. ಮೈ ತುಂಬ ದಪ್ಪ ಇದ್ದರೆ ಅಂಕಿ ಸ್ವಲ್ಪ ಇಳಿದು ಕಾಣುತ್ತದೆ. ಸಕ್ಕರೆ ಕಾಯಿಲೆ ಜೊತೆ ಮೂತ್ರಪಿಂಡವೂ ಕೆಟ್ಟಿರುವ ಹಿರಿಯರು ನಮ್ಮಲ್ಲಿ ಬೇಕಾದಷ್ಟು ಜನ, ಅವರ ರಿಪೋರ್ಟಿನ ಮೇಲೆ ಕೆಂಪಕ್ಷರ ಕಂಡು ಹೆದರಬಾರದು. ಆಮೇಲೆ ನಡುವಿನ ವಲಯ. ಎಫ್‌ಡಿಎ ಒಪ್ಪಿಗೆಗೆ ಆಧಾರವಾದ 499 ಮಾದರಿಗಳಲ್ಲಿ, ಪಾಸಿಟಿವ್ ಬಂದವರಲ್ಲಿ ಶೇ 91.7 ಮಂದಿಗೆ ಮೆದುಳಿನ ಅಮೈಲಾಯ್ಡ್ ತೋರಿಸುವ ಪೆಟ್ ಸ್ಕ್ಯಾನ್ ಅಥವಾ ಬೆನ್ನಿನ ನೀರಿನಲ್ಲೂ ಅಮೈಲಾಯ್ಡ್ ಇತ್ತು, ನೆಗೆಟಿವ್ ಬಂದವರಲ್ಲಿ ಶೇ 97.3 ಮಂದಿಗೆ ಇರಲಿಲ್ಲ. ಆದರೆ 100ಕ್ಕೆ 20ಕ್ಕಿಂತ ಸ್ವಲ್ಪ ಕಡಿಮೆ ಜನ ಆಕಡೆಯೂ ಅಲ್ಲ ಈಕಡೆಯೂ ಅಲ್ಲ. ಅಂಥವರಿಗೆ "ಇದರಿಂದ ಹೇಳಲಾಗುವುದಿಲ್ಲ" ಅಂತ ನೇರವಾಗಿ ಹೇಳಿ, ಬೆನ್ನಿನ ನೀರೋ ಪೆಟ್ ಸ್ಕ್ಯಾನೋ ಬೇಕಾ ಅಂತ ತಜ್ಞರ ಹತ್ತಿರ ಕಳಿಸುತ್ತೇನೆ.

ವಯಸ್ಸಿನ ಲೆಕ್ಕವೂ ಇದೆ. ನೆನಪು ಚೆನ್ನಾಗಿಯೇ ಇರುವವರಲ್ಲೂ 50ರ ವಯಸ್ಸಿಗೆ ಶೇ 10ರಷ್ಟು, 90ಕ್ಕೆ ಶೇ 44ರಷ್ಟು ಜನರ ಮೆದುಳಿನಲ್ಲಿ ಅಮೈಲಾಯ್ಡ್ ಇರುತ್ತದೆ. ಹಾಗಾದರೆ 85 ದಾಟಿದ ಅಜ್ಜಿಗೆ ಪಾಸಿಟಿವ್ ಬಂದರೆ, ಮರೆವಿಗೆ ಅದೊಂದೇ ಕಾರಣ ಅಂತ ಹೇಗೆ ಹೇಳುವುದು? ರಕ್ತನಾಳದ ತೊಂದರೆಯೂ ಸೇರಿರುತ್ತದೆ. "ನಮಗೂ ಬರುತ್ತಾ, ನಮ್ಮದೂ ಟೆಸ್ಟ್ ಮಾಡಿ" ಅಂತ ಕೇಳುವ ಮಕ್ಕಳಿಗೆ ನಾನು ಒಪ್ಪುವುದಿಲ್ಲ. ಲಕ್ಷಣ ಇಲ್ಲದವರ ಕೈಗೆ ಆ ಅಂಕಿ ಕೊಟ್ಟು ಮಾಡುವುದೇನು? ರಾತ್ರಿ ನಿದ್ದೆ ಹೋಗುತ್ತದೆ ಅಷ್ಟೇ.

ಬೇರೆ ಡಿಮೆನ್ಷಿಯಾಗಳಿಗೆ ಮಾರ್ಕರ್ ಇಷ್ಟು ಪಕ್ವವಾಗಿಲ್ಲ. ನ್ಯೂರೋಫಿಲಮೆಂಟ್ ಲೈಟ್ ಚೈನ್ ಅನ್ನುವುದು ನರದ ತಂತು ಸವೆಯುತ್ತಿದೆ ಅಂತ ಹೇಳುತ್ತದೆ, ಯಾವ ರೋಗ ಅಂತ ಹೇಳುವುದಿಲ್ಲ. ಆದರೂ ಇದು ಮಾನಸಿಕ ಕಾಯಿಲೆಯಾ, ಫ್ರಾಂಟೋಟೆಂಪೊರಲ್ಲಾ ಅನ್ನುವ ಗೊಂದಲದಲ್ಲಿ ಉಪಯೋಗಕ್ಕೆ ಬರುತ್ತದೆ. ಕೆಲವೇ ವಾರಗಳಲ್ಲಿ ಮನುಷ್ಯ ಕುಸಿದುಹೋದರೆ ಸಿಜೆಡಿ ಅನ್ನುವ, ಮೆದುಳನ್ನು ಬೇಗ ಕೆಡಿಸುವ ಅಪರೂಪದ ರೋಗ ನೆನಪಿಗೆ ಬರಬೇಕು. ಅದರಲ್ಲಿ ಬೆನ್ನಿನ ನೀರಿನ ಟೌ ವಿಪರೀತ ಏರಿರುತ್ತದೆ, ಆರ್‌ಟಿ-ಕ್ವಿಕ್ ಅನ್ನುವ ಪರೀಕ್ಷೆ ನಿಖರ. ಅಂಥವರನ್ನು ತಡಮಾಡದೆ ನಿಮ್ಹಾನ್ಸ್‌ಗೆ ಕಳಿಸುತ್ತೇನೆ. ಸಂಜೆಯಾದರೆ ಅಂಗಳದಲ್ಲಿ ಯಾರೋ ನಿಂತಿದ್ದಾರೆ ಅನ್ನುವವರು, ಕೈಕಾಲು ಬಿಗಿಯಾದವರು, ಒಂದು ದಿನ ಚುರುಕು ಒಂದು ದಿನ ಮಂಕು ಇರುವವರು ಲೂಯಿ ಬಾಡಿ ಡಿಮೆನ್ಷಿಯಾದವರು ಇರಬಹುದು. ಅವರಿಗೆ ಯಾವ ರಿಪೋರ್ಟಿಗೂ ಕಾಯದೆ ಚೀಟಿಯ ಮೇಲೆ ದೊಡ್ಡದಾಗಿ ಬರೆಯುತ್ತೇನೆ: ಹ್ಯಾಲೋಪೆರಿಡಾಲ್ ಕೊಡಬೇಡಿ. ಭ್ರಮೆಗೆ ಅಂತ ಕೊಡುವ ಆ ಔಷಧಿ ಇವರಿಗೆ ಅಪಾಯ.

ರೈಟರ್ ಅವರ ರಿಪೋರ್ಟಿನಲ್ಲಿ 42 ಮತ್ತು 40ರ ಅನುಪಾತ ಇಳಿದಿತ್ತು, ಪಿ-ಟೌ ಏರಿತ್ತು. ಗಂಡ ಹೆಂಡತಿ ಇಬ್ಬರನ್ನೂ ಎದುರಿಗೆ ಕೂರಿಸಿಯೇ ಹೇಳಿದೆ. ರೋಗಿಯನ್ನು ಹೊರಗೆ ಕಳಿಸಿ ಮನೆಯವರಿಗೆ ಮಾತ್ರ ಹೇಳುವುದು ನನಗೆ ಸರಿ ಕಾಣುವುದಿಲ್ಲ. ಅವರು ಕೇಳಿದ್ದು ಒಂದೇ: "ಹಾಗಾದರೆ ನಾನು ಕದ್ದಿಲ್ಲ ಅಂತ ನೀವು ಬರೆದುಕೊಡುತ್ತೀರಾ?" ಬರೆದುಕೊಟ್ಟೆ. ಅವರ ಒಪ್ಪಿಗೆ ಪಡೆದು ಮಾಲೀಕರ ಜೊತೆ ಫೋನಿನಲ್ಲೂ ಮಾತಾಡಿದೆ. ಚೆಕ್‌ರೋಲ್ ರೈಟರ್ ಅವರ ಅಣ್ಣನ ಮಗನಿಗೆ ಹೋಯಿತು, ಇವರು ಕಣದಲ್ಲಿ ಕಾಫಿ ಒಣಗಿಸುವುದನ್ನು ನೋಡಿಕೊಳ್ಳುತ್ತಾರೆ. ನೆನಪಿಗೆ ಕೊಡುವ ಡೊನೆಪೆಜಿಲ್ ಮಾತ್ರೆ ಶುರು ಮಾಡಿದೆವು. 2023ರ ಜುಲೈನಲ್ಲಿ ಅಮೆರಿಕದಲ್ಲಿ ಪೂರ್ಣ ಒಪ್ಪಿಗೆ ಪಡೆದ ಲೆಕಾನೆಮ್ಯಾಬ್ ಅನ್ನುವ ಹೊಸ ಔಷಧಿಯ ಬಗ್ಗೆಯೂ ಹೇಳಿದೆ: 18 ತಿಂಗಳಲ್ಲಿ ರೋಗದ ಓಟವನ್ನು ಶೇ 27ರಷ್ಟು ನಿಧಾನ ಮಾಡಿತು, ನಿಲ್ಲಿಸಲಿಲ್ಲ. ಎರಡು ವಾರಕ್ಕೊಮ್ಮೆ ಡ್ರಿಪ್, ಮತ್ತೆ ಮತ್ತೆ ಎಂಆರ್‌ಐ, ಮೆದುಳಿನಲ್ಲಿ ಬಾವು, ರಕ್ತಸ್ರಾವದ ಭಯ. ಅವರು ಯೋಚಿಸಿ ಬೇಡ ಅಂದರು. ಅದು ಅವರ ತೀರ್ಮಾನ, ನಾನು ಒತ್ತಾಯಿಸಲಿಲ್ಲ.

ರೋಗ ಖಚಿತವಾದ ದಿನವೇ ಕೇಳಬೇಕಾದ ಇನ್ನೊಂದು ಪ್ರಶ್ನೆ ಕೊಡಗಿನಲ್ಲಿದೆ: ಮನೆಯಲ್ಲಿ ಕೋವಿ ಇದೆಯಾ? ಇಲ್ಲಿ ಬಹಳ ಮನೆಗಳಲ್ಲಿ ಇದೆ, ಅದು ಪೂಜೆಯ ವಸ್ತು, ಮರ್ಯಾದೆಯ ವಸ್ತು. ಸಂಜೆ ಗೊಂದಲವಾಗಿ ಮಗನನ್ನೇ ಕಳ್ಳ ಅಂದುಕೊಳ್ಳುವವರ ಕೈಗೆ ಅದು ಸಿಗಬಾರದು. ಬೀಗ ಹಾಕಿ, ಗುಂಡುಗಳನ್ನು ಬೇರೆ ಕಡೆ ಇಡಿ, ಬೀಗದ ಕೈ ಅವರಿಗೆ ಗೊತ್ತಿಲ್ಲದ ಜಾಗದಲ್ಲಿರಲಿ ಅನ್ನುತ್ತೇನೆ. ಒಕ್ಕದ, ಅಂದರೆ ಮನೆತನದ ಹಿರಿಯರೊಬ್ಬರಿಂದ ಈ ಮಾತು ಹೇಳಿಸಿದರೆ ಮನೆಯವರಿಗೂ ಸುಲಭ. ಕೀಟನಾಶಕದ ಡಬ್ಬಿಗೂ ಇದೇ ಮಾತು, ಜೀಪಿನ ಕೀಗೂ ಇದೇ ಮಾತು.

ದೇಶದಲ್ಲಿ 60 ದಾಟಿದವರಲ್ಲಿ ಶೇ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ ಇದೆ ಅನ್ನುವುದು 2023ರಲ್ಲಿ ಪ್ರಕಟವಾದ ಅಂದಾಜು. ಇವರೆಲ್ಲರಿಗೂ ಮಾರ್ಕರ್ ಮಾಡಿಸಲು ಆಗುವುದಿಲ್ಲ, ಮಾಡಿಸಬೇಕಾಗಿಯೂ ಇಲ್ಲ. ಚಿಕ್ಕ ವಯಸ್ಸಿನವರು, ಲಕ್ಷಣ ಗೊಂದಲ ಇರುವವರು, ಹೊಸ ಔಷಧಿಗೆ ಯೋಚಿಸುತ್ತಿರುವವರು, ನನ್ನ ಮಟ್ಟಿಗೆ ಇಷ್ಟೇ ಜನ. ಉಳಿದವರಿಗೆ ಆ ದುಡ್ಡು ಒಳ್ಳೆಯ ಕನ್ನಡಕಕ್ಕೆ, ಕಿವಿಯ ಮೆಷಿನ್‌ಗೆ, ಹಗಲು ನೋಡಿಕೊಳ್ಳುವವರ ಸಂಬಳಕ್ಕೆ ಆಗಲಿ ಅನ್ನುತ್ತೇನೆ. "ಆರು ತಿಂಗಳಿಗೊಮ್ಮೆ ಮತ್ತೆ ರಕ್ತ ಕೊಡಬೇಕಾ?" ಅಂತ ಕೇಳುತ್ತಾರೆ. ಬೇಡ. ಈ ಅಂಕಿ ಎರಡನೇ ಸಲ ನೋಡುವುದರಿಂದ ನಾನು ಬರೆಯುವ ಮಾತ್ರೆ ಬದಲಾಗುವುದಿಲ್ಲ. ಆರು ತಿಂಗಳಿಗೊಮ್ಮೆ ನಾನು ನೋಡುವುದು ತೂಕ, ಬಿಪಿ, ನಡಿಗೆ, ನಿದ್ದೆ, ಮತ್ತು ಜೊತೆಗೆ ಬಂದ ಹೆಂಡತಿಯೋ ಸೊಸೆಯೋ ಹೇಗಿದ್ದಾರೆ ಅನ್ನುವುದು. ಅವರ ಬಿಪಿಯನ್ನೂ ಅದೇ ಚೀಟಿಯಲ್ಲಿ ಬರೆಯುತ್ತೇನೆ.